ಕರಿಯದು ಚಕ್ರದ ಕಡೆ, ಹಳದಿಯದು ಒಳಗಡೆ

ಮಾರ್ಚ್ 4, ಸೋಮವಾರ

ನಮ್ಮನೆಯವರ ಬಲಗೈ ಮಣಿಕಟ್ಟು ಮುರಿದಿದೆ. ಹಿತ್ತಿಲ ಮೆಟ್ಟಿಲ ಮೇಲೆ ಜಾರಿ ಬಿದ್ದರು. ಮೆಟ್ಟಿಲು ಒದ್ದೆಯಿತ್ತು, ಏಕೆಂದರೆ ನಾನು ಆಗಷ್ಟೇ ಸೋಪು ಹಾಕಿ ತೊಳೆದಿದ್ದೆ. ತೊಳೆದದ್ದು ಏಕೆಂದರೆ ತಮ್ಮ ಗಾಡಿ ರಿಪೇರಿ ಶೆಡ್ಡಿನಿಂದ ಬಂದ ಅವರ ಚಪ್ಪಲಿಯ ಗ್ರೀಸ್ ಗುರುತು ಮೂರನೆಯ ಮೆಟ್ಟಿಲ ತನಕ ಹತ್ತಿ ಬಂದಿತ್ತು. ತಪ್ಪು ಯಾರದೆಂದು ನಾನು ಬರೆಯುವುದಿಲ್ಲ. ಈ ಪುಸ್ತಕ ಓದುವವಳು ನಾನೊಬ್ಬಳೇ, ನನಗೆ ಗೊತ್ತಿದೆ.

ಬರೆಯಲು ಕೂತದ್ದೇ ಬಾಯಿ ಬಿಡುವಂತಿಲ್ಲ ಎಂದು. ಅತ್ತೆಗೆ ಮಂಡಿ ಆಡುವುದಿಲ್ಲ, ಕಿವಿ ಮಾತ್ರ ಗೋಡೆಯಾಚೆಗೂ ಕೇಳುತ್ತದೆ. ಮುರಿದ ಕೈಯವನನ್ನು ಬೈಯುತ್ತಾಳೆ ಎನ್ನಿಸಿಕೊಳ್ಳುವುದು ಬೇಡ.

ಆದರೆ ಹೇಸಿಗೆಯೆಂದರೆ ಹೇಸಿಗೆಯೇ. ನಾನು ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಕಲೆ ತೆಗೆಯುವವಳು. ಇಂಕು, ರಕ್ತ, ತುಕ್ಕು, ಹಣ್ಣಿನ ರಸ, ಎಲ್ಲಕ್ಕೂ ಮದ್ದು ಗೊತ್ತು. ಗ್ರೀಸ್ ಕಲೆ ಒಂದೇ, ಹೋದಂತೆ ನಟಿಸಿ ಇಸ್ತ್ರಿಯ ಬಿಸಿ ತಗುಲಿದ ಕೂಡಲೇ ಮತ್ತೆ ಹಲ್ಲು ಕಿರಿಯುತ್ತದೆ. ಅಂಥದ್ದರ ಜೊತೆ ಹದಿನೆಂಟು ವರ್ಷ ಸಂಸಾರ ಮಾಡಿದ್ದೇನೆ. ಮನೆಯಲ್ಲಿ ಕಾನೂನು ಮಾಡಿದ್ದೇನೆ: ಶೆಡ್ಡಿನಿಂದ ಬಂದವರು ಹಿತ್ತಿಲ ನಲ್ಲಿಯಲ್ಲಿ ಮೊಣಕೈ ತನಕ ತೊಳೆಯಬೇಕು. ಅವರಿಗೆ ಬೇರೆ ಸೋಪು, ಬೇರೆ ಟವೆಲು, ಅದೂ ಕೊಳೆ ಕಾಣದ ಕಂದು ಬಣ್ಣದ್ದು, ಹೊರಗಿನ ಮೊಳೆಗೆ. ಸ್ವಿಚ್ಚನ್ನು ಬೆರಳಿಂದ ಮುಟ್ಟುವಂತಿಲ್ಲ, ಮೊಣಕೈಯಿಂದ ಒತ್ತಬೇಕು. ನೋಡುವವರಿಗೆ ಕೋಳಿ ರೆಕ್ಕೆ ಬಡಿದಂತೆ ಕಾಣುತ್ತದೆ. ಇಷ್ಟಾದ ಮೇಲೂ ನನ್ನ ಹತ್ತಿರ ಬಂದರೆ "ಕೈ ತೊಳ್ಕೊಂಡ್ರಾ?" ಎಂದು ಕೇಳುತ್ತೇನೆ. ಅವರು ಎರಡೂ ಕೈ ತಿರುಗಿಸಿ ತೋರಿಸುತ್ತಾರೆ. ಉಗುರ ಸಂದಿಯ ಕಪ್ಪು ಹಾಗೇ ಇರುತ್ತದೆ. ನಾನು ಮುಖ ತಿರುಗಿಸುತ್ತೇನೆ.

ಆರು ವಾರ ಪ್ಲಾಸ್ಟರ್.

ಮಾರ್ಚ್ 5, ಮಂಗಳವಾರ

ಆಸ್ಪತ್ರೆಯ ವ್ಯಾನುಗಳ ಮೇಲ್ವಿಚಾರಕರು ಬಂದಿದ್ದರು. ಊರವರನ್ನೆಲ್ಲ ನಾನು ಕಲೆಯಿಂದ ಗುರುತಿಸುವವಳು. ಇವರದು ಅಂಗಿಯ ಜೇಬಿನ ಇಂಕು, ವರ್ಷಕ್ಕೆ ನಾಲ್ಕು ಅಂಗಿಯಾದರೂ ನನ್ನ ಮೇಜಿಗೆ ಬರುತ್ತದೆ. ಹಾಗಾಗಿ ನನಗೆ ಅವರು ಪೆನ್ನು ಸಾಹೇಬರು. ಮಾತಾಡುವಾಗ ಪೆನ್ನಿನ ಮುಚ್ಚಳದಿಂದ ಕಿವಿ ಕೆರೆದು ಅದನ್ನೇ ಮತ್ತೆ ಪೆನ್ನಿಗೆ ಹಾಕಿದರು. ನಾನು ಬೇರೆ ಕಡೆ ನೋಡಿದೆ.

ಹನ್ನೆರಡು ವ್ಯಾನು. ಮೂತ್ರಪಿಂಡ ಕೆಟ್ಟವರನ್ನು ರಕ್ತ ಶುದ್ಧಿ ಮಾಡಿಸಲು ಕರೆದೊಯ್ಯುವ ವ್ಯಾನುಗಳು. ಎಂಜಿನ್ನಿನಿಂದ ಮುಂದಿನ ಚಕ್ರಕ್ಕೆ ಹೋಗುವ ಉಕ್ಕಿನ ದಂಡಕ್ಕೆ ಇವರೆಲ್ಲ ಆಕ್ಸಲ್ ಎನ್ನುತ್ತಾರೆ. ಅದರ ಎರಡೂ ತುದಿಗೆ ಒಂದೊಂದು ಕೀಲು, ಕೀಲಿನ ಮೇಲೆ ರಬ್ಬರಿನ ಬೂಟು, ಬೂಟಿನೊಳಗೆ ಗ್ರೀಸ್. ಏಪ್ರಿಲ್ ಮಧ್ಯಕ್ಕೆ ಅಷ್ಟಕ್ಕೂ ಹೊಸ ಬೂಟು, ಹೊಸ ಗ್ರೀಸ್ ಆಗಬೇಕು. ಆಗದಿದ್ದರೆ ಬೇರೆ ಶೆಡ್ಡಿನವರು ಕಾದಿದ್ದಾರಂತೆ. ಬಿಚ್ಚುವುದು, ಮತ್ತೆ ಕಟ್ಟುವುದು ಡ್ರೈವರುಗಳೇ ಮಾಡುತ್ತಾರೆ, ಕೀಲಿನ ಕೆಲಸ ಮಾತ್ರ ನಮ್ಮವರದು.

ನಮ್ಮವರು ಪ್ಲಾಸ್ಟರ್ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದರು: "ನಾನು ಹೇಳ್ಕೊಡ್ತೀನಿ, ಇವ್ಳು ಮಾಡ್ತಾಳೆ. ಕೀಲಿನ ಕೆಲ್ಸದಲ್ಲಿ ಮುಕ್ಕಾಲು ಪಾಲು ತೊಳೆಯೋದೇ. ಇವಳಷ್ಟು ಚೆನ್ನಾಗಿ ತೊಳೆಯೋರು ನಂಗೆ ಇನ್ನೆಲ್ಲಿ ಸಿಗ್ತಾರೆ?"

ನನ್ನನ್ನು ಒಂದು ಮಾತೂ ಕೇಳಲಿಲ್ಲ. ಅಂಗಡಿಯಲ್ಲಿ ಮಧ್ಯಾಹ್ನದ ಮೇಲೆ ರಜೆ ಕೇಳಿದ್ದೇನೆ.

ಮಾರ್ಚ್ 7, ಗುರುವಾರ

ಮೊದಲ ವ್ಯಾನು. ಹಳೆಯ ಬೂಟು ಕತ್ತರಿಸಿದ ಕೂಡಲೇ ಕರಿಯ ಮುದ್ದೆಯೊಂದು ಬೆರಳ ಸಂದಿಗೆ ಜಾರಿ ಬಂತು. ವ್ಯಾನು ಆಗಷ್ಟೇ ನಿಂತಿದ್ದರಿಂದ ಬೆಚ್ಚಗಿತ್ತು. ತಣ್ಣಗಿದ್ದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ, ಅದು ಜೀವವಿರುವ ವಸ್ತುವಿನ ಹಾಗೆ ಬೆಚ್ಚಗಿತ್ತು. ವಾಸನೆ ಬೇರೆ, ಸುಟ್ಟ ರಬ್ಬರು ಮತ್ತು ಹಳೆ ಎಣ್ಣೆಯದು. ಛೀ.

ಕೈಗವಸು ಹಾಕಿಕೊಂಡಿದ್ದೆ. ಅವರು ಬೇಡವೆನ್ನಲಿಲ್ಲ, ಆದರೆ ಗ್ರೀಸಿನಲ್ಲಿ ಮರಳಿದೆಯೋ ಇಲ್ಲವೋ ಬರಿಬೆರಳಿಗೆ ಮಾತ್ರ ತಿಳಿಯುತ್ತದೆ ಎಂದರು. ನನಗೆ ತಿಳಿಯದಿದ್ದರೂ ನಡೆಯುತ್ತದೆ ಎಂದೆ.

ಪಾಠ ಹೀಗಿದೆ. ಚಕ್ರದ ಕಡೆಯ ಕೀಲಿನಲ್ಲಿ ಆರು ಉಕ್ಕಿನ ಗುಂಡು. ಒಂದೊಂದನ್ನೇ ಹೊರತೆಗೆದು ತೊಳೆದು, ಒರೆಸಿ, ಒಣಗಿಸಿ, ಇದ್ದ ಜಾಗಕ್ಕೇ ಇಡಬೇಕು. ಎಂಜಿನ್ನಿನ ಕಡೆಯದರಲ್ಲಿ ಮೂರು ಉರುಳೆ. ಈ ವ್ಯಾನುಗಳಿಗೆ ಎರಡು ಬಗೆಯ ಗ್ರೀಸ್. "ಕರಿಯದು ಚಕ್ರದ ಕಡೆ, ಹಳದಿಯದು ಒಳಗಡೆ" ಎಂದು ಮಗ್ಗಿ ಹೇಳಿಸಿದ ಹಾಗೆ ನನ್ನಿಂದ ಮೂರು ಸಲ ಹೇಳಿಸಿದರು. ಗುಂಡುಗಳ ಸಂದಿಗೆ ಹೆಬ್ಬೆರಳಿನಿಂದ ಒತ್ತಿ ತುಂಬಬೇಕು, ಮೇಲೆ ಮೇಲೆ ಮೆತ್ತಿದರೆ ಪ್ರಯೋಜನವಿಲ್ಲ. ಮಿಕ್ಕಿದ್ದು ಬೂಟಿನೊಳಗೆ. ಹೆಚ್ಚಾದರೆ ಬೂಟು ಒಡೆಯುತ್ತದೆ, ಕಡಿಮೆಯಾದರೆ ಕೀಲು ಸಾಯುತ್ತದೆ. ಅವರು ಎರಡು ಬೆರಳಲ್ಲಿ ಅಳೆದು ತೋರಿಸಿದರು. ಬೆರಳಿನ ಅಳತೆ ನನಗೆ ಆಗದು, ಅಂಗಡಿಯಿಂದ ಹಳೆಯ ತಕ್ಕಡಿ ತರುತ್ತೇನೆ ಎಂದೆ. ಕಡೆಗೆ ಬೂಟಿನ ಬಾಯಿಗೆ ಸಣ್ಣ ಸ್ಕ್ರೂಡ್ರೈವರ್ ತೂರಿಸಿ ಒಳಗಿನ ಗಾಳಿ ಬಿಡಬೇಕು, ಆಮೇಲೆ ಕ್ಲಿಪ್ಪು ಬಿಗಿಯಬೇಕು. ಗಾಳಿ ಬಿಡುವಾಗ ಬೂಟು ಮಾಡಿದ ಸದ್ದಿಗೆ ಅವರು ನಕ್ಕರು. ನಾನು ನಗಲಿಲ್ಲ.

ಮೂರು ಸಲ ಸ್ನಾನ ಮಾಡಿದೆ.

ಮಾರ್ಚ್ 10, ಭಾನುವಾರ

ಇವತ್ತು ಸ್ವಲ್ಪ ನೆಮ್ಮದಿ. ಅವರು ನೋವಿನ ಮಾತ್ರೆ ನುಂಗಿ ಮಲಗಿದ್ದಾಗ ಶೆಡ್ಡಿನ ಹಲಗೆ ಸ್ವಚ್ಛ ಮಾಡಿಬಿಟ್ಟೆ.

ಏನು ಗಲೀಜು! ಏಳು ಗ್ರೀಸ್ ಡಬ್ಬ, ಮೂರಕ್ಕೆ ಮುಚ್ಚಳವೇ ಇಲ್ಲ. ಒಂದರೊಳಗೆ ನೊಣ ಸತ್ತಿತ್ತು. ಎಲ್ಲದರಲ್ಲೂ ಕಾಲು, ಅರ್ಧ, ತಳದಲ್ಲಿ ಒಂದಿಷ್ಟು. ಹೆಸರಿನ ಚೀಟಿಗಳ ಮೇಲೆ ಕೊಳೆ ಮೆತ್ತಿಕೊಂಡು ಒಂದೂ ಓದಲಾಗದು. ಒಂದರ ಮೇಲೆ ಅವರ ಕೈಬರಹದಲ್ಲಿ "ಒಲೆ" ಎಂದಿತ್ತು. ಒಲೆಗೂ ಇದಕ್ಕೂ ಏನು ನೆಂಟಸ್ತಿಕೆಯೋ ದೇವರೇ ಬಲ್ಲ. ಇದು ಅಡುಗೆಮನೆಯ ಡಬ್ಬ ಕದ್ದದ್ದು, ಅನುಮಾನವೇ ಇಲ್ಲ.

ಅಂಗಡಿಯಲ್ಲಿ ಬಟ್ಟೆ ಗುಡ್ಡೆ ಹಾಕುವಂತೆ ಹಾಕಿದೆ. ಬಿಳಿಯದು ಬಿಳಿಯದರ ಜೊತೆ, ಬಣ್ಣದ್ದು ಬಣ್ಣದ್ದರ ಜೊತೆ. ಕರಿಯವು ನಾಲ್ಕೂ ಒಂದು ದೊಡ್ಡ ಸ್ಟೀಲ್ ಡಬ್ಬಕ್ಕೆ, ಹಳದಿಯವು ಮೂರೂ ಇನ್ನೊಂದಕ್ಕೆ. ನೊಣವನ್ನು ಚಮಚದಿಂದ ತೆಗೆದೆ. ಮರದ ಸೌಟಿನಲ್ಲಿ ಚೆನ್ನಾಗಿ ಕಲಸಿ, ಮೇಲ್ಭಾಗ ನುಣ್ಣಗೆ ಸವರಿ, ಬಿಗಿ ಮುಚ್ಚಳ ಹಾಕಿ, ಹೊಸ ಚೀಟಿ ಅಂಟಿಸಿದೆ: ಕರಿಯದು, ಹಳದಿಯದು. ಖಾಲಿ ಡಬ್ಬಗಳನ್ನು ತೊಳೆದು ಬೋರಲು ಹಾಕಿದೆ. ಅತ್ತೆ ಅಂಗಿಯ ಗುಂಡಿ ಹಾಕಿಡಲು ಎರಡು ಎತ್ತಿಕೊಂಡರು.

ಸಂಜೆ ಅವರು ನೋಡಿ "ಇದೇನು, ಔಷಧಿ ಅಂಗಡಿ ಆಗೋಯ್ತಲ್ಲ" ಎಂದರು. ಮಾತ್ರೆಯ ಮಂಪರು ಇನ್ನೂ ಇತ್ತು. ನನಗೆ ಹೆಮ್ಮೆಯೆನಿಸಿತು. ಇದನ್ನು ಬರೆಯಲು ಏನು ನಾಚಿಕೆ.

ಮಾರ್ಚ್ 12, ಮಂಗಳವಾರ

ಎರಡನೆಯ ವ್ಯಾನು. ಹೊಸ ಡಬ್ಬ ತೆರೆದೆ. ಕೈಗವಸು ಹರಿಯಿತು. ಸಾಕಾಗಿದೆ.

ಮಾರ್ಚ್ 16, ಶನಿವಾರ

ಮೂರನೆಯದು, ನಾಲ್ಕನೆಯದು ಮುಗಿದವು. ತಕ್ಕಡಿಯಲ್ಲಿ ತೂಗಿ ಒಂದೊಂದು ಕೀಲಿಗೂ ತೊಂಬತ್ತು ಗ್ರಾಂ ಇಡುತ್ತೇನೆ. ಒಬ್ಬ ಡ್ರೈವರು, ಮೀಸೆಯವನು, ಮಿಠಾಯಿ ಅಂಗಡಿಯೇನೋ ಎಂದು ನಕ್ಕ. ಅವನ ಪ್ಯಾಂಟಿನ ಮಂಡಿಯ ಮೇಲೆ ಹಳೆಯ ಎಣ್ಣೆ ಕಲೆ, ಮೇಲೆ ಉಗುಳು ಹಾಕಿ ತಿಕ್ಕಿದ್ದಾನೆ. ಇಂಥವರು ನಗುತ್ತಾರೆ.

ನಮ್ಮನೆಯವರು ಕುರ್ಚಿಯಲ್ಲಿ ಕೂತು ಎಡಗೈಯಲ್ಲಿ ಬೆರಳು ತೋರಿಸುತ್ತಾರೆ. ಬಾಯಿ ಕಡಿಮೆ. ಕೀಲು ಕೈಯಲ್ಲಿ ಹಿಡಿದು ಬಗ್ಗಿಸಿದಾಗ ತಡೆಯಿಲ್ಲದೆ ಹೊರಳಬೇಕು, ಆದರೆ ಸಡಿಲ ಇರಬಾರದು ಎಂದರು. ಅತ್ತೆ ಬಾಗಿಲಿಂದ ಕೇಳಿಸಿಕೊಂಡು ಹೇಳಿದರು: "ಹಿಂದೆಲ್ಲ ಗಾಡಿಗೆ ಕೀಲೆಣ್ಣೆ ಅಂತಿದ್ರು ಕಣೆ. ಮಿಕ್ಕಿದ್ದು ನನ್ನ ಮಂಡಿಗೂ ಒಂದಿಷ್ಟು ಒತ್ತು. ಬೂಟು ಬೇಡ, ಹಾಗೇ ಓಡಾಡ್ಕೋತೀನಿ." ಇವತ್ತು ನಾನೂ ನಕ್ಕೆ.

ಕೈಗವಸು ತರಲು ಮರೆತಿದ್ದೆ, ಹಾಗೇ ಮಾಡಿದೆ. ಅಡುಗೆಮನೆಯ ದೀಪ ಮೊಣಕೈಯಲ್ಲಿ ಹಾಕುವಾಗ ಸ್ವಿಚ್ಚಿನ ಮೂಲೆ ಚುಚ್ಚಿತು. ಆ ಸ್ವಿಚ್ಚು ಬದಲಾಯಿಸಬೇಕು.

ಮಾರ್ಚ್ 21, ಗುರುವಾರ

ಜಗಳ. ನನ್ನ ದಿಂಬಿನ ಕವರಿನ ಮೇಲೆ ಹೆಬ್ಬೆರಳಗಲದ ಕಪ್ಪು ಕಲೆ. ಬಿಳಿಯ ಕವರು. ಹದಿನೆಂಟು ವರ್ಷದಲ್ಲಿ ಹೀಗಾದದ್ದಿಲ್ಲ. ಎಷ್ಟು ಸಲ ಹೇಳಬೇಕು ಎಂದು ಕೂಗಾಡಿದೆ. ಅವರು ಪ್ಲಾಸ್ಟರನ್ನು ನೋಡಿದರು, ಎಡಗೈಯನ್ನು ನೋಡಿದರು, ನನ್ನನ್ನು ನೋಡಿದರು. ಹದಿನೇಳು ದಿನದಿಂದ ತಾನು ಒಂದು ಸ್ಕ್ರೂ ಸಹ ಮುಟ್ಟಿಲ್ಲವಲ್ಲ ಎಂದರು. ಹಾಗಾದರೆ ದಿಂಬಿಗೆ ಕಾಲು ಬಂದು ಶೆಡ್ಡಿಗೆ ಹೋಗಿತ್ತೇ? ಕುರ್ಚಿಗೆ ಒರಗಿ ಅಂಟಿಸಿಕೊಂಡು ಬಂದಿದ್ದಾರೆ, ಅಷ್ಟೇ. ಒಪ್ಪಿಕೊಳ್ಳುವ ಗುಣವಿಲ್ಲ.

ಅತ್ತೆ ಒಳಗೆ ಕೆಮ್ಮಿದರು. ಅದು ಕೆಮ್ಮಲ್ಲ.

ಮಾರ್ಚ್ 24, ಭಾನುವಾರ

ಆರು ವ್ಯಾನು ಆದವು. ಅರ್ಧ ದಾರಿ. ಪೆನ್ನು ಸಾಹೇಬರು ಬಂದು ಬೂಟುಗಳನ್ನು ಬಗ್ಗಿ ನೋಡಿ, ಇಷ್ಟು ನೀಟಾದ ಕೆಲಸ ಇದುವರೆಗೆ ಕಂಡಿಲ್ಲ ಎಂದರು. ಮುಂದಿನ ವಾರ ಬೂಟುಗಳ ಕಟ್ಟು ಬರುವ ತನಕ ಬಿಡುವು. ಮೈಕೈ ನೋವು.

ಏಪ್ರಿಲ್ 1, ಸೋಮವಾರ

ಹೇಗೆ ಬರೆಯಲಿ.

ಮಧ್ಯಾಹ್ನ ಮೀಸೆಯ ಡ್ರೈವರು ಎರಡನೆಯ ನಂಬರಿನ ವ್ಯಾನು ತಂದು ನಿಲ್ಲಿಸಿದ. ತಿರುವಿನಲ್ಲಿ ಕಟಕಟ ಸದ್ದಂತೆ. ಆಸ್ಪತ್ರೆಯ ಇಳಿಜಾರಿನಲ್ಲಿ ಸದ್ದು ಜೋರಾಗಿ, ಹಿಂದೆ ಕೂತಿದ್ದ ಅಜ್ಜಿಯೊಬ್ಬರು ಹೆದರಿ ಇವನ ಕಾಲರನ್ನೇ ಹಿಡಿದುಕೊಂಡರಂತೆ. ಚಕ್ರ ಬಿಚ್ಚಿದ. ಚಕ್ರದ ಒಳಮೈಗೆಲ್ಲ ಕರಿಯ ರಾಡಿ ಸಿಡಿದಿತ್ತು. ಬೂಟು ಹರಿದಿರಲಿಲ್ಲ, ಕ್ಲಿಪ್ಪು ಸಡಿಲಾಗಿರಲಿಲ್ಲ. ಗ್ರೀಸ್ ನೀರಾಗಿ ಬಾಯಿಯ ಸಂದಿಯಿಂದ ಸೋರಿಹೋಗಿತ್ತು.

ನಮ್ಮನೆಯವರು ಎಡಗೈ ಬೆರಳಿಗೆ ಒಂದು ಹನಿ ತೆಗೆದುಕೊಂಡು ಉಜ್ಜಿದರು, ಮೂಸಿದರು. ನಿಧಾನವಾಗಿ ಹಲಗೆಯ ಹತ್ತಿರ ಹೋಗಿ ನನ್ನ ಸ್ಟೀಲ್ ಡಬ್ಬ ತೆರೆದರು. ಮೇಲೆ ಒಂದಂಗುಲ ಎಣ್ಣೆ ನಿಂತಿತ್ತು. ಆಮೇಲೆ ಬೋರಲು ಹಾಕಿದ್ದ ಹಳೆಯ ಡಬ್ಬಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. ಏನನ್ನೋ ಹುಡುಕುತ್ತಿದ್ದರು. ಸಿಗಲಿಲ್ಲ. ಅತ್ತೆಯ ಗುಂಡಿ ಡಬ್ಬದ ಮೇಲಿದೆ ಅದು, "ಒಲೆ".

ಅಷ್ಟರಲ್ಲಿ ಪೆನ್ನು ಸಾಹೇಬರು ಬಂದರು. ಸೋರುತ್ತಿರುವುದು ಒಂದಲ್ಲ, ಐದು ವ್ಯಾನು. ನಾನು ಹೊಸ ಡಬ್ಬ ತೆರೆಯುವ ಮೊದಲು ಮಾಡಿದ ಒಂದನೆಯ ನಂಬರು ಮಾತ್ರ ಸರಿಯಿದೆ. ಕಲಬೆರಕೆ ಮಾಲು ತುಂಬಿದ್ದೀರಿ, ಆ ಜನ ಒಂದು ಸರದಿ ತಪ್ಪಿದರೂ ಮೈ ಊದಿಕೊಂಡು ಉಸಿರು ಕಟ್ಟುತ್ತದೆ, ನಿಮ್ಮ ಹೆಸರನ್ನು ಕಡತದಲ್ಲಿ ಬರೆದಿಡುತ್ತೇನೆ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದರು.

"ತಪ್ಪು ನಂದೇ" ಎಂದರು ಇವರು. "ಡಬ್ಬ ಬೆರೆಸಿದ್ದು ನಾನು."

ನಾನು ಅಲ್ಲೇ ನಿಂತಿದ್ದೆ. ಕೈಯಲ್ಲಿ ಬಟ್ಟೆಯಿತ್ತು. ಬಾಯಿ ತೆರೆಯಲಿಲ್ಲ.

ಏಪ್ರಿಲ್ 2, ಮಂಗಳವಾರ

ಇಷ್ಟು ದಿನ ಯಾವುದನ್ನು ನೋಡಿದರೂ ಹೇಸಿಗೆ ಎನ್ನುತ್ತಿದ್ದೆನಲ್ಲ. ಇವತ್ತು ಕನ್ನಡಿ ನೋಡಲಾಗಲಿಲ್ಲ.

ಏಪ್ರಿಲ್ 3, ಬುಧವಾರ

ಕೇಳಿಬಿಟ್ಟೆ. ಕರಿಯದು ಕರಿಯದರ ಜೊತೆ ಸೇರಿದರೆ ಏನಾಗುತ್ತದೆ, ಹೇಳಿ ಎಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎರಡು ಚಿಟಿಕೆ ಗ್ರೀಸನ್ನು ಕಾಗದದ ಮೇಲೆ ಇಟ್ಟು ಪಾಠ ಹೇಳಿದರು. ಗ್ರೀಸ್ ಎಂದರೆ ಎಣ್ಣೆಯೇ, ಓಡಿಹೋಗದಂತೆ ಅದನ್ನು ಯಾವುದಾದರೊಂದು ಹಿಡಿದಿಟ್ಟಿರಬೇಕು. "ಈ ಕೀಲಿನ ಗ್ರೀಸಲ್ಲಿ ಹಿಡ್ಕೊಂಡಿರೋದು ಏನು ಗೊತ್ತಾ? ಸೋಪು." ನಾನು ನಂಬಲಿಲ್ಲ. ಹೌದು, ಸೋಪಿನದೇ ಒಂದು ಜಾತಿ ಎಂದರು. ಒಲೆ ಎಂದು ಬರೆದಿದ್ದ ಡಬ್ಬದ್ದು ಬೇಕರಿಯ ಒಲೆಯೊಳಗೆ ತಿರುಗುವ ಬೇರಿಂಗಿಗೆಂದು ಇಟ್ಟದ್ದು, ಬೆಂಕಿಯ ಕಾವು ತಡೆಯುವಂಥದ್ದು. ಅದರೊಳಗೆ ಎಣ್ಣೆಯನ್ನು ಹಿಡಿದಿರುವುದು ಸೋಪಲ್ಲ, ಜೇಡಿಮಣ್ಣು. ಎರಡಕ್ಕೂ ಕಪ್ಪು ಬಣ್ಣ ಬಂದದ್ದು ಮೇಲಿಂದ ಬೆರೆಸಿದ ಪುಡಿಯಿಂದ. ಸೋಪು ಮತ್ತು ಜೇಡಿ ಒಂದೇ ಮನೆಯಲ್ಲಿ ಬಾಳುವುದಿಲ್ಲ. ಸೇರಿಸಿದರೆ ಎರಡೂ ಕೈ ಸಡಿಲಿಸುತ್ತವೆ, ಎಣ್ಣೆ ಬಿಸಿಗೆ ಹರಿದುಹೋಗುತ್ತದೆ.

ಹದಿನೆಂಟು ವರ್ಷ ನಾನು ಸೋಪು ಹಿಡಿದು ಆ ಕೈಗಳ ಹಿಂದೆ ಬಿದ್ದಿದ್ದೆ. ಅದರೊಳಗೇ ಸೋಪಿತ್ತು.

"ಬೆರೆಸಿದ್ದು ನಾನು ಅಂತ ನಿಮಗೆ ಗೊತ್ತಿತ್ತಲ್ರೀ. ಯಾಕೆ ಹಾಗಂದ್ರಿ?"

"ಶೆಡ್ ನಂದು. ಬಣ್ಣ ನೋಡ್ಬೇಡ ಅಂತ ನಿಂಗೆ ಹೇಳ್ಕೊಡದೆ ಇದ್ದೋನು ನಾನು. ಕರಿಯದು, ಹಳದಿಯದು ಅಂತ ಮಗ್ಗಿ ಹೇಳ್ಕೊಟ್ಟೋನೂ ನಾನೇ." ಗ್ರೀಸಿನ ಕಾಗದ ಮಡಚಿ, "ನೀನು ಇಪ್ಪತ್ನಾಲ್ಕು ಕೀಲು ಮಾಡಿದ್ದೀಯ. ಒಂದರಲ್ಲೂ ಮರಳಿಲ್ಲ" ಎಂದರು.

ನಾಳೆ ಪೆನ್ನು ಸಾಹೇಬರ ಕಚೇರಿಗೆ ಹೋಗುತ್ತೇನೆ. ಇವರಿಗೆ ಹೇಳಿಲ್ಲ.

ಏಪ್ರಿಲ್ 4, ಗುರುವಾರ

ಹೋದೆ. ಕೂತೆ. ಬೆರೆಸಿದ್ದು ನಾನೇ, ನಮ್ಮನೆಯವರ ಹೆಸರು ಕಡತಕ್ಕೆ ಹಾಕಬೇಡಿ ಎಂದೆ.

ಅವರು ನಕ್ಕರು. "ನಿಮ್ಮ ಯಜಮಾನ್ರು ಬೆಳಗ್ಗೇನೇ ಫೋನ್ ಮಾಡಿದ್ರಮ್ಮ. ನನ್ನ ಹೆಂಡ್ತಿ ಬಂದು ತಪ್ಪು ತನ್ನದೇ ಅಂತಾಳೆ, ನಂಬ್ಬೇಡಿ ಅಂದ್ರು."

ಮೈ ಉರಿದುಹೋಯಿತು. ಮುರಿದ ಕೈಯಲ್ಲಿ ಫೋನು ಒತ್ತಲು ಬರುತ್ತದೆ ಇವರಿಗೆ! ನಾನು ಎಲ್ಲಿಗೆ ಹೋಗುತ್ತೇನೆಂದು ಅತ್ತೆಯ ಕಿವಿಗೆ ಹೇಗೆ ಬಿತ್ತೋ. ನಾನು ಹೇಳಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ:

"ಸಾರ್, ನಿಮ್ಮ ಜೇಬಿನ ಇಂಕು ಆರು ವರ್ಷದಿಂದ ತೆಗೀತಿರೋದು ನಾನು. ನೀಲಿ ಇಂಕಿಗೆ ಒಂದು ಮದ್ದು, ಕಪ್ಪಿಗೆ ಇನ್ನೊಂದು. ಬಟ್ಟೆ ಬಂದ ತಕ್ಷಣ ಬಣ್ಣ ನೋಡಿ ಗುಡ್ಡೆ ಹಾಕೋದು ನನ್ನ ಕಸುಬು. ಡಬ್ಬಗಳನ್ನೂ ಹಾಗೇ ಹಾಕಿದೆ. ಮೆಕ್ಯಾನಿಕ್ ಆದೋನು ಯಾವತ್ತೂ ಬಣ್ಣ ನೋಡಿ ಗ್ರೀಸ್ ಬೆರೆಸಲ್ಲ. ಈ ತಪ್ಪು ಬಟ್ಟೆ ತೊಳೆಯೋರು ಮಾತ್ರ ಮಾಡೋದು. ಬೇರೆ ಯಾವ ಶೆಡ್ಡಲ್ಲಾದ್ರೂ ಕೇಳಿ ನೋಡಿ."

ಅವರು ಪೆನ್ನಿನ ಮುಚ್ಚಳವನ್ನು ಕಿವಿಯ ತನಕ ಒಯ್ದು ಹಾಗೇ ನಿಲ್ಲಿಸಿದರು. ಐದು ವ್ಯಾನು ನಿಂತಿವೆ, ಏಳು ವ್ಯಾನುಗಳಲ್ಲಿ ಹನ್ನೆರಡರ ಜನವನ್ನು ಸಾಗಿಸುತ್ತಿದ್ದೇವೆ, ಎರಡು ಸುತ್ತು, ಮೂರು ಸುತ್ತು, ಸೋಮವಾರದ ಮೇಲೆ ಸಾಧ್ಯವಿಲ್ಲ ಎಂದರು. ಸೋಮವಾರ ಬೆಳಗ್ಗೆ ಐದೂ ವ್ಯಾನು ಬಾಗಿಲಲ್ಲಿದ್ದರೆ ಕಡತದಲ್ಲಿ ಏನೂ ಬರೆಯುವುದಿಲ್ಲ. ಒಂದು ಕಡಿಮೆಯಾದರೂ ಬರೆಯುತ್ತಾರೆ.

ಏಪ್ರಿಲ್ 5, ಶುಕ್ರವಾರ

ಡ್ರೈಕ್ಲೀನಿಂಗ್ ಅಂಗಡಿಗೆ ಪೂರ್ತಿ ರಜೆ. ಗ್ರೀಸ್ ತರಲು ನಾನೇ ಹೋದೆ.

ಬಿಡಿಭಾಗದ ಅಂಗಡಿಯವನು ಮುಖ ಸಹ ನೋಡದೆ ಒಂದು ಡಬ್ಬ ಎತ್ತಿಟ್ಟ. ಎಲ್ಲದಕ್ಕೂ ಆಗುತ್ತದೆ, ಎಲ್ಲರೂ ಇದನ್ನೇ ಒಯ್ಯುತ್ತಾರೆ ಎಂದ. ಎಲ್ಲದಕ್ಕೂ ಆಗುವ ಸೋಪು ನಮ್ಮಲ್ಲೂ ಬರುತ್ತದೆ, ಅದರಿಂದ ಯಾವ ಕಲೆಯೂ ಹೋಗುವುದಿಲ್ಲ. ಎಣ್ಣೆ ಹಿಡಿದಿರುವುದು ಸೋಪೋ ಜೇಡಿಯೋ ಎಂದು ಕೇಳಿದೆ. ಗ್ರೀಸ್ ಗ್ರೀಸೇ ಅಮ್ಮಾ, ಕಪ್ಪಗಿದೆಯಲ್ಲ ಎಂದ. ಕಪ್ಪಗಿದೆಯಂತೆ! ಇಂಥವನ ಕೈಗೆ ಜನ ತಮ್ಮ ಗಾಡಿಯ ಜೀವ ಕೊಡುತ್ತಾರೆ. ಅಸಹ್ಯವಾಯಿತು. ಮುಚ್ಚಳ ತೆಗೆಸಿ ಹೆಬ್ಬೆರಳು ತೋರುಬೆರಳ ನಡುವೆ ಎಳೆದು ನೋಡಿದೆ, ಎಳೆ ಬರದೆ ಪುಡಿಯಾಯಿತು. ಮೂಸಿದೆ. ಹಳೆಯ ಮಾಲು. ಹಿಂದಿನ ಸಾಲಿನಿಂದ ಕೀಲಿಗೆಂದೇ ಅಚ್ಚಾಗಿದ್ದ ಡಬ್ಬಗಳನ್ನು ತೆಗೆಸಿ, ಚೀಟಿಯನ್ನು ಪೂರ್ತಿ ಓದಿ ತಂದೆ. ಎಲ್ಲವೂ ಒಂದೇ ದಿನ ತಯಾರಾದವು. ಹಳದಿಯದನ್ನೂ ಹೊಸದೇ ತಂದೆ. ನಾನು ಬೆರೆಸಿದ್ದನ್ನು ಎರಡನ್ನೂ ನಂಬುವುದಿಲ್ಲ.

ನಮ್ಮನೆಯವರು ಚಿಟಿಕೆ ತೆಗೆದು ಉಜ್ಜಿ ನೋಡಿ "ಹೂಂ" ಎಂದರು. ಅಷ್ಟೇ ಎಂದದ್ದು.

ಏಪ್ರಿಲ್ 7, ಭಾನುವಾರ

ಶುಕ್ರವಾರ ಒಂದು, ನಿನ್ನೆ ಎರಡು, ಇವತ್ತು ಎರಡು. ಐದೂ ಆದವು. ಇಪ್ಪತ್ತು ಕೀಲು. ಡ್ರೈವರುಗಳು ಬಿಚ್ಚಿಕೊಟ್ಟರು, ಕಟ್ಟಿಕೊಂಡರು.

ನೀರಾದ ಗ್ರೀಸನ್ನು ಒಂದು ಸುತ್ತು ತೊಳೆದರೆ ಸಾಲದು, ಒಂದು ಗುಲಗಂಜಿಯಷ್ಟು ಉಳಿದರೂ ಹೊಸದನ್ನು ಕೆಡಿಸುತ್ತದೆ. ಮೂರು ಸಲ ತೊಳೆದೆ. ಗುಂಡುಗಳನ್ನು ಬಿಳಿಯ ಬಟ್ಟೆಯ ಮೇಲೆ ಉರುಳಿಸಿ, ಬಟ್ಟೆ ಬಿಳಿಯಾಗಿಯೇ ಉಳಿದ ಮೇಲೆ ಒಳಗಿಟ್ಟೆ. ಎರಡನೆಯ ನಂಬರಿನ ಒಂದು ಕೀಲಿನ ಗುಂಡುಗಳಲ್ಲಿ ಗಾಯವಾಗಿತ್ತು, ಬೆಳಕಿಗೆ ಹಿಡಿದಾಗ ಕಾಣಿಸಿತು. ಅದನ್ನು ಪೂರ್ತಿ ಬದಲಾಯಿಸಿದೆವು. ಗಾಯದ ಗುಂಡನ್ನು ಕಿಟಕಿಯಲ್ಲಿ ಇಟ್ಟಿದ್ದೇನೆ, ಎದುರಿಗೇ ಇರಲಿ.

ಮೀಸೆಯವನು ಅವಸರಕ್ಕೆ ಒಂದು ಬೂಟಿನ ಗಾಳಿ ಬಿಡದೆ ಕ್ಲಿಪ್ಪು ಬಿಗಿಯಲು ಹೋದ. ಅವನ ಕೈಗೆ ಹೊಡೆದೆ. ಇನ್ನೊಬ್ಬನು ನೆಲಕ್ಕೆ ಬಿದ್ದ ಗ್ರೀಸನ್ನು ಬೆರಳಲ್ಲಿ ಎತ್ತಿ ಬೂಟಿನೊಳಗೆ ಹಾಕಲು ಹೊರಟಿದ್ದ. ನೆಲದ್ದು! ಮರಳು ಸಮೇತ! ಇಂಥ ಗಲೀಜು ಜನವನ್ನು ನಾನು ಎಲ್ಲೂ ಕಂಡಿಲ್ಲ. ಕೀಲಿನೊಳಗೆ ಏನು ಹೋಗುತ್ತಿದೆ ಎಂಬ ಪರಿವೆಯೇ ಇಲ್ಲ. ನಮ್ಮನೆಯವರು ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಕಡೆಗೆ ಗಮನಿಸಿದರೆ ನಿದ್ದೆ ಹೋಗಿದ್ದರು.

ಈ ಪುಟದ ಅಂಚಿನಲ್ಲಿ ಏನೋ ಮೆತ್ತಿದೆ. ಇರಲಿ.

ಏಪ್ರಿಲ್ 8, ಸೋಮವಾರ

ಐದೂ ಬಾಗಿಲಲ್ಲಿದ್ದವು. ಕಡತದಲ್ಲಿ ಏನೂ ಬರೆದಿಲ್ಲ. ಉಳಿದ ಆರು ವ್ಯಾನುಗಳ ಬೂಟು ಬಂದಿದೆ.

ಏಪ್ರಿಲ್ 16, ಮಂಗಳವಾರ

ಪ್ಲಾಸ್ಟರ್ ಬಿಚ್ಚಿದರು.

ಒಳಗಿಂದ ಬಂದ ಕೈ ನೋಡಿ ನನಗೆ ಅಸಹ್ಯವಾಯಿತು. ಬಿಳಿಚಿಕೊಂಡು, ಚರ್ಮ ಸುಲಿಯುತ್ತಾ, ನೀರಿನಲ್ಲಿ ನೆನೆದಂತೆ ಮೆತ್ತಗಿತ್ತು. ಉಗುರ ಸಂದಿಯಲ್ಲಿ ಚೂರೂ ಕಪ್ಪಿಲ್ಲ. ಅಂಗೈಯ ಗೆರೆಗಳಲ್ಲಿ ಕಪ್ಪಿಲ್ಲ. ಯಾರದೋ ಕೈಯನ್ನು ಅಂಟಿಸಿ ಕಳಿಸಿದ್ದಾರೆ ಎನಿಸಿತು. ದಾರಿಯುದ್ದಕ್ಕೂ ಅತ್ತ ನೋಡಲಿಲ್ಲ. ಹದಿನೆಂಟು ವರ್ಷ ನಾನು ಬೇಕೆಂದು ಕೇಳಿದ ಕೈ ಇದೇ ಎಂಬುದು ಮನೆ ತಲುಪಿದ ಮೇಲೆ ಹೊಳೆಯಿತು. ಅಳು ಬಂತು. ಹನ್ನೆರಡನೆಯ ವ್ಯಾನಿನ ಬಲಗಡೆಯದು ಬಾಕಿಯಿತ್ತು, ನೆಪ ಸಿಕ್ಕಿತು ಎಂದು ನೇರ ಶೆಡ್ಡಿಗೆ ಹೋದೆ.

ದಿನಕ್ಕೆರಡು ಸಲ ಬೆಚ್ಚಗಿನ ಎಣ್ಣೆ ಹಚ್ಚಿ ಮಣಿಕಟ್ಟನ್ನು ಮೆಲ್ಲಗೆ ಆಡಿಸಬೇಕಂತೆ, ಇಲ್ಲವಾದರೆ ಕೀಲು ಬಿಗಿದುಕೊಳ್ಳುತ್ತದೆ. ಸಂಜೆ ಕೆಲಸ ಮುಗಿಸಿ ಬರುವಷ್ಟರಲ್ಲಿ ಅತ್ತೆ ಎಣ್ಣೆ ಬಿಸಿ ಮಾಡಿ ಬಟ್ಟಲಲ್ಲಿ ಇಟ್ಟಿದ್ದರು. ನಮ್ಮನೆಯವರು ಹಿತ್ತಿಲ ಮೆಟ್ಟಿಲ ಮೇಲೆ, ಅದೇ ಮೂರನೆಯ ಮೆಟ್ಟಿಲ ಮೇಲೆ, ಆ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನಾನು ಪಕ್ಕದಲ್ಲಿ ಕೂತು ಕೈ ಚಾಚಿದೆ.

ಅವರು ತಮ್ಮ ಕೈಯನ್ನು ಒಂದಿಷ್ಟು ಹಿಂದಕ್ಕೆ ಎಳೆದುಕೊಂಡರು.

"ಕೈ ತೊಳ್ಕೊಂಡ್ಯಾ?" ಎಂದು ಕೇಳಿದರು.

ತೊಳೆದಿರಲಿಲ್ಲ. ತೊಳೆಯಬೇಕೆಂಬ ನೆನಪೇ ಬಂದಿರಲಿಲ್ಲ. ಎರಡೂ ಕೈ ತಿರುಗಿಸಿ ತೋರಿಸಿದೆ.

ಅವರು ಬಹಳ ಹೊತ್ತು ನೋಡಿದರು. ಮುಖ ತಿರುಗಿಸಲಿಲ್ಲ. ಬಿಳಿಯ ಕೈಯನ್ನು ತಂದು ನನ್ನ ಕೈಯೊಳಗೆ ಇಟ್ಟರು.

ಹೊರಗೆ ಅವರ ಟವೆಲಿನ ಮೊಳೆಯ ಹತ್ತಿರದ ಸೋಪು ಸವೆದು ಚಕ್ಕೆಯಾಗಿದೆ. ನಾಳೆ ತರಬೇಕು. ಎರಡು ಬೇಡ, ಇನ್ನು ಮೇಲೆ ಇಬ್ಬರಿಗೂ ಒಂದು ಸಾಕು.